ತಿಗಣೆಗೆ ಜೋಳದ ಗುಳಿಗೆ ಇಡಬೇಡಿ: ಒಂದು ಸ್ಪಷ್ಟನೆ

ವಿಜಯಪುರದ ಕೆಲವು ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ವೃದ್ಧಾಶ್ರಮದಲ್ಲಿ ತಿಗಣೆ ಕಚ್ಚಿದರೆ ಎಚ್‌ಐವಿ ಬರುತ್ತದಂತೆ. ಜೋಳದ ಚೀಲಕ್ಕೆ ಹಾಕುವ ಗುಳಿಗೆ ಮಂಚದ ಕೆಳಗಿಟ್ಟರೆ ಒಂದೇ ರಾತ್ರಿಯಲ್ಲಿ ಎಲ್ಲ ಸಾಯುತ್ತವಂತೆ. ಎರಡೂ ತಪ್ಪು. ಎರಡನೆಯದಂತೂ ಜೀವ ತೆಗೆಯುವ ಸಲಹೆ.

ಆ ಗುಳಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಬಾಗಿಲು ಹಾಕಿದರೂ ಸಂದಿಯಿಂದ ಪಕ್ಕದ ಕೋಣೆಗೆ ನುಸುಳುತ್ತದೆ. ಎದ್ದು ಹೊರಗೆ ಬರಲಾಗದ ಅಜ್ಜ-ಅಜ್ಜಿ ಮಲಗಿರುವ ಕಡೆ ಇಡುವ ವಸ್ತುವಾ ಇದು? ಈಗಾಗಲೇ ಇಟ್ಟಿದ್ದರೆ ಗುಳಿಗೆ ಮುಟ್ಟಬೇಡಿ, ನೀರು ಸುರಿಯಬೇಡಿ. ಎಲ್ಲರನ್ನೂ ಮೊದಲು ಹೊರಗೆ ಕರೆತನ್ನಿ. ವಾಂತಿ, ತಲೆಸುತ್ತು, ಉಸಿರುಗಟ್ಟುವಿಕೆ ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ತಿಗಣೆಯಿಂದ ಎಚ್‌ಐವಿ ಹರಡುವುದಿಲ್ಲ. ತುರಿಕೆ, ನಿದ್ದೆಗೇಡು, ಕೆರೆದು ಗಾಯ ಆಗುವುದು ಮಾತ್ರ ನಿಜ.

ತಿಗಣೆಗೆ ಒಮ್ಮೆ ಸ್ಪ್ರೇ ಹೊಡೆಸಿ ಸುಮ್ನೆ ಕೂರುವ ಆಶ್ರಮಗಳ ಮೇಲೆ ಸಿಟ್ಟು ಬರುವುದು ನ್ಯಾಯವೇ. ಉಳಿದ ಮೊಟ್ಟೆಗಳು ಒಂದೆರಡು ವಾರದಲ್ಲಿ ಮರಿಯಾಗುತ್ತವೆ. ಹಾಗಾಗಿ ಮತ್ತೆ ಹೊಡೆಸಲೇಬೇಕು. ಹಾಸಿಗೆಯ ಹೊಲಿಗೆ, ಮಂಚದ ಸಂದಿ ಬಿಡದೆ ನೋಡಬೇಕು. ನಮ್ಮ ಮೇ ತಿಂಗಳ ಬಿಸಿಲು ಕೂಡ ಗಾದಿಯ ಒಳಗಿನವನ್ನು ಪೂರ್ತಿ ಕೊಲ್ಲುವುದಿಲ್ಲ!

ಬೆರಳ ಸಂದಿಯಲ್ಲಿ, ರಾತ್ರಿ ಹೊತ್ತು ತುರಿಕೆ ಜಾಸ್ತಿ ಇದೆಯಾ? ಅದು ತಿಗಣೆ ಕಡಿತವಲ್ಲ, ಕಜ್ಜಿ (ಸ್ಕೇಬೀಸ್) ಇರಬಹುದು. ಕೋಣೆಗೆ ಔಷಧಿ ಹೊಡೆದರೆ ಅದು ವಾಸಿಯಾಗದು. ವೈದ್ಯರಿಗೆ ತೋರಿಸಿ, ಜೊತೆಗಿರುವವರಿಗೆಲ್ಲ ಒಟ್ಟಿಗೇ ಮುಲಾಮು ಹಚ್ಚಿಸಿ.