ಬಿಚ್ಚಿದರೆ ಮತ್ತೆ ನೂಲು

ಬಟ್ಟೆಗೆ ಕತ್ತರಿ ತಪ್ಪಾಗಿ ಬಿತ್ತೆಂದರೆ ಆ ಬಟ್ಟೆಯ ಕಥೆ ಮುಗಿಯಿತು. ಹೆಣಿಗೆ ಹಾಗಲ್ಲ. ಇಡೀ ಸಂಜೆ ಹೆಣೆದದ್ದು ಸೊಟ್ಟಗಾದರೂ ಕಡ್ಡಿ ಕಿತ್ತು ನೂಲಿನ ತುದಿ ಜಗ್ಗಿದರೆ ಎಲ್ಲವೂ ಮರಳಿ ಉಂಡೆ. ಕೈ ಬಿಗಿ ಹಿಡಿದು ಬಾಳುವವರಿಗೆ ಹೇಳಿಮಾಡಿಸಿದ ಹವ್ಯಾಸ. ಆದರೂ ದುಡ್ಡು ಸೋರುತ್ತದೆ, ಒಂದು ಕುಣಿಕೆಯನ್ನೂ ಹಾಕುವ ಮೊದಲೇ ಕೊಂಡ ಹದಿನೈದು ಜೊತೆ ಕಡ್ಡಿಗಳ ಡಬ್ಬಿಯಲ್ಲಿ.

ಬೇಕಿರುವುದು ಒಂದೇ ಜೊತೆ, 4.5 ಅಥವಾ 5 ಮಿ.ಮೀ. ದಪ್ಪದ್ದು. ಬಿದಿರಿನದಾದರೆ ನೂಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಯೂಮಿನಿಯಂ ನುಣುಪು, ಪಳಗದ ಕೈಯಿಂದ ಕುಣಿಕೆಗಳು ಸರಕ್ಕನೆ ಜಾರುತ್ತವೆ. ಸಾಲಿನಲ್ಲಿ ಜಾಗ ಗುರುತಿಸಲು ಕಡ್ಡಿಗೆ ಹಾಕುವ ಉಂಗುರಗಳ ಬದಲು ಬೇರೆ ಬಣ್ಣದ ನೂಲಿನ ತುಂಡನ್ನು ಗಂಟು ಹಾಕಿ ಕಡ್ಡಿಗೆ ಪೋಣಿಸಿದರಾಯಿತು. ಸಾಲು ಎಣಿಸಲು ಕಾಗದ, ಪೆನ್ಸಿಲು ಸಾಕು. ನೂಲಿನ ತುದಿಗಳನ್ನು ಒಳಗೆ ಅಡಗಿಸಲು ಮೊಂಡು ಮೊನೆಯ ದಬ್ಬಣವೊಂದು ಮಾತ್ರ ನಿಜಕ್ಕೂ ಬೇಕು.

ನೂಲಿನಲ್ಲಿ ಮಾತ್ರ ಕಣ್ಣು ಸೋಲಬಾರದು. ರಿಯಾಯಿತಿ ಬುಟ್ಟಿಯಲ್ಲಿ ಅತಿ ಚೆಂದ ಕಾಣುವುದು ರೋಮರೋಮದ ನೂಲು. ಅದನ್ನು ಹೆಣೆಯಬಹುದೇನೋ, ಬಿಚ್ಚುವುದಂತೂ ಆಗದು, ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕಪ್ಪಿನಲ್ಲಿ ಕುಣಿಕೆಯೇ ಕಾಣದು. ತಿಳಿ ಬಣ್ಣದ, ನುಣುಪಾದ, ಮಧ್ಯಮ ದಪ್ಪದ ಅಕ್ರಿಲಿಕ್ ನೂಲು, 100 ಗ್ರಾಂನ ಒಂದು ಉಂಡೆ ಸಾಕು. ಅಕ್ರಿಲಿಕ್ ಎಂದು ಮೂಗು ಮುರಿಯುವವರು ಮುರಿದುಕೊಳ್ಳಲಿ.

ಮೊದಲಿಗೆ 36 ಕುಣಿಕೆಯ ಒಂದು ಚೌಕ. ನೂಲಿನ ತುದಿಯನ್ನು ಉದ್ದ ಬಾಲವಾಗಿ ಬಿಟ್ಟು ಮೊದಲ ಕುಣಿಕೆಗಳನ್ನು ಹಾಕುವ ಕ್ರಮದಲ್ಲಿ ಆ ಬಾಲವು ಬಟ್ಟೆಯ ಅಗಲದ ಮೂರು ಪಟ್ಟು, ಮೇಲೆ ಒಂದು ಗೇಣು ಇರಲಿ. ಕಡಿಮೆಯಾದರೆ ಮೂವತ್ತನೆಯ ಕುಣಿಕೆಗೆ ಬಂದಾಗ ಬಾಲ ಮುಗಿದಿರುತ್ತದೆ. ಮುಂದೆ ಎಲ್ಲ ಸಾಲೂ ನಿಟ್, ಅಂದರೆ ನೂಲನ್ನು ಹಿಂದಿಟ್ಟುಕೊಂಡು ಹೆಣೆಯುವ ಸಾದಾ ಹೆಣಿಗೆ. ಎರಡು ಸಾಲಿಗೊಂದು ಏಣು ಮೂಡುತ್ತದೆ. 36 ಏಣುಗಳಾದಾಗ ಹೆಚ್ಚುಕಡಿಮೆ ಚೌಕವಾಗಿರುತ್ತದೆ, ಟೇಪಿನ ಹಂಗಿಲ್ಲ.

ಆಗ ಶುರುವಾಗುವುದು ಹೆಣಿಗೆಯ ಮಾಯಾಜಾಲ: 36 ಇದ್ದದ್ದು 39 ಆಗಿರುತ್ತದೆ. ಯಾರೂ ಸೇರಿಸಿಲ್ಲ, ಆದರೆ ಬಟ್ಟೆ ಬೀಸಣಿಗೆಯಂತೆ ಅಗಲವಾಗುತ್ತಿದೆ. ಕಳ್ಳ ಸಾಮಾನ್ಯವಾಗಿ ಸಾಲಿನ ಆರಂಭದಲ್ಲೇ ಇರುತ್ತಾನೆ. ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆಯ ಎರಡು ಕಾಲುಗಳೂ ಮೇಲೆದ್ದು ಎರಡು ಕುಣಿಕೆಗಳಂತೆ ತೋರುತ್ತವೆ; ಎರಡನ್ನೂ ಹೆಣೆದುಬಿಡುತ್ತೇವೆ. ನೂಲನ್ನು ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ಒಯ್ಯಬೇಕು. ಸಾಲಿನ ನಡುವೆ ನೂಲು ಮುಂದೆಯೇ ಉಳಿದರೂ ಹೆಚ್ಚುವರಿ ಕುಣಿಕೆ ಹುಟ್ಟುತ್ತದೆ, ಜೊತೆಗೊಂದು ತೂತು. ಪ್ರತಿ ಸಾಲಿನ ಕೊನೆಗೆ ಎಣಿಸಿದರೆ ಬಿಚ್ಚುವುದು ಒಂದೇ ಸಾಲು. ಇನ್ನು ಕುಣಿಕೆ ಜಾರಿದ್ದು ಕಂಡ ಕೂಡಲೇ ಅದಕ್ಕೊಂದು ಪಿನ್ನು ಹಾಕಿ ನಿಲ್ಲಿಸಿ, ಆಮೇಲೆ ಗಾಬರಿಯಾಗಿ. ಮುಗಿಸುವ ಸಾಲು ಬಿಗಿಯಾದರೆ ಅಂಚು ಸೊರಗುತ್ತದೆ. ಅಲ್ಲಿ ಕೈ ಸಡಿಲವಿರಲಿ.

ಕೈ ಕುದುರಿದ ಮೇಲೆ ನೂಲಿನ ಅಗ್ಗದ ಗಣಿ ಹಳೆಯ ಸ್ವೆಟರು. ಮೊದಲು ಒಳಮಗ್ಗುಲಿನ ಜೋಡಣೆ ನೋಡಬೇಕು. ಓವರ್‌ಲಾಕ್, ಅಂದರೆ ಕತ್ತರಿಸಿದ ಅಂಚನ್ನು ದಾರದಿಂದ ಸುತ್ತಿದ ಯಂತ್ರದ ಹೊಲಿಗೆಯಿದ್ದರೆ ಬಟ್ಟೆಯನ್ನು ಕತ್ತರಿಸಿ ಹೊಲಿದಿದ್ದಾರೆ ಎಂದರ್ಥ, ಬಿಚ್ಚಿದರೆ ಸಾಲಿಗೊಂದು ತುಂಡು ಸಿಗುತ್ತದೆ. ಬಿಸಿನೀರಿಗೆ ಬಿದ್ದು ಕಂಬಳಿಯಾದ ಉಣ್ಣೆಯೂ ಬೇಡ. ಸರಿಯಾದದ್ದು ಸಿಕ್ಕರೆ ಜೋಡಣೆ ಬಿಡಿಸಿ, ಹೆಣಿಗೆ ಮುಗಿಸಿದ ಅಂಚಿನಿಂದ, ಸಾಮಾನ್ಯವಾಗಿ ಕತ್ತಿನ ಕಡೆಯಿಂದ, ಎಳೆಯಬೇಕು. ಬಂದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ನೇತುಹಾಕಿದರೆ ಗುಂಗುರು ಬಹುಪಾಲು ಇಳಿಯುತ್ತದೆ. ಮೊಣಕೈ ಸವೆದಲ್ಲಿ ನೂಲು ತುಂಡಾಗಿ ನಷ್ಟವಾಗುವುದರಿಂದ ದೊಡ್ಡವರ ಸ್ವೆಟರು ಬಿಚ್ಚಿ ಮಕ್ಕಳದ್ದಕ್ಕೆ ಲೆಕ್ಕ ಹಾಕುವುದು ಕ್ಷೇಮ.