ಭೂತ ಎಂದರೆ ದೆವ್ವ ಅಲ್ಲ

'ಭೂತಕೋಲ ದೆವ್ವದ ಪೂಜೆ, ಬ್ರಿಟಿಷರ ಹಳೇ ದಾಖಲೆಯಲ್ಲೇ ಇದೆ' ಎಂಬ ಸಂದೇಶ ಮಂಗಳೂರು, ಉಡುಪಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಭೂತಕೋಲ ಎಂದರೆ ತುಳುನಾಡಿನಲ್ಲಿ ದೈವಗಳಿಗೆ ನಡೆಸುವ ಆರಾಧನೆ. ದಾಖಲೆ ಇರುವುದು ನಿಜ. ಬ್ರಿಟಿಷ್ ಅಧಿಕಾರಿ ಎ.ಸಿ. ಬರ್ನೆಲ್ ಇಲ್ಲಿನ ಪಾಡ್ದನಗಳನ್ನು, ಅಂದರೆ ದೈವಗಳ ಕಥೆ ಹೇಳುವ ತುಳು ಹಾಡುಗಳನ್ನು, ಸಂಗ್ರಹಿಸಿದ್ದರು. 1882ರಲ್ಲಿ ಅವರು ತೀರಿಕೊಂಡರು. 1894ರಿಂದ ಅವು ಅಚ್ಚಾದವು. ಇಂಗ್ಲಿಷ್ ತಲೆಬರಹದ ಅರ್ಥ 'ತುಳುವರ ದೆವ್ವದ ಪೂಜೆ'. ಸಂಗ್ರಹ ಬೆಲೆಯುಳ್ಳದ್ದೇ, ಎಡವಟ್ಟಾಗಿರುವುದು ಹೆಸರಿನಲ್ಲಿ. ಆಳುವವರ ಕಣ್ಣಿಗೆ ಕಂಡ ಹೆಸರು ಅದು, ಅಲ್ವಾ?

ತುಳುನಾಡಿನಲ್ಲಿ ಭೂತ ಎಂದರೆ ದೈವ. ಕೋಟಿ ಚೆನ್ನಯರು ಅನ್ಯಾಯಕ್ಕೆ ಎದುರು ನಿಂತು ಮಡಿದು ದೈವಗಳಾದ ಅವಳಿ ವೀರರು. ಪಂಜುರ್ಲಿ ಹಂದಿ ರೂಪದ ದೈವ. ಜಾಗದ ತಕರಾರು, ಅಣ್ಣತಮ್ಮಂದಿರ ಜಗಳ ಎಲ್ಲ ಕೋಲದಲ್ಲಿ ದೈವದ ಮುಂದೆ ಬರುತ್ತವೆ. ದೈವ ನುಡಿ ಕೊಡುತ್ತದೆ. ದೆವ್ವದ ಹತ್ತಿರ ಯಾರಾದರೂ ನ್ಯಾಯ ಕೇಳುತ್ತಾರಾ?