ಐದು ಲೀಟರ್ ಕುಕ್ಕರಿಗೆ ಸಿಗುತ್ತಾ?

ನಮ್ಮ ಕಂಪನಿಯ ವೆಬ್‌ಸೈಟಿಗೆ ಕಳೆದ ತಿಂಗಳು ಬಂದುಹೋದವರ ಲೆಕ್ಕ ನೋಡಿದರೆ, ಪುಣೆಯ ಭೋಸರಿಯಲ್ಲಿರುವ ನಮ್ಮ ಶೆಡ್ಡಿನ ಮುಂದೆ ಜಾತ್ರೆ ನೆರೆದಿರಬೇಕು ಅಂದುಕೊಳ್ಳುತ್ತೀರಿ. ನೆರೆದಿಲ್ಲ. ಗೇಟಿನ ಹತ್ತಿರ ವಾಚ್‌ಮನ್ ಇದ್ದಾನೆ, ಒಂದು ನಾಯಿ ಇದೆ, ಒಂದು ಟೆಂಪೋ ನಿಂತಿದೆ. ಟೆಂಪೋ ಕೂಡ ಪಕ್ಕದ ಫ್ಯಾಕ್ಟರಿಯದು.

ನಾವು ಮಾಡುವುದು ಗ್ಯಾಸ್ಕೆಟ್. ಕುಕ್ಕರಿನದಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ರಾಮಾಯಣವೆಲ್ಲ ಅಲ್ಲೇ ಇದೆ. ನಮ್ಮದು ಸ್ಪೈರಲ್ ವೌಂಡ್ ಗ್ಯಾಸ್ಕೆಟ್. ವಿ ಆಕಾರಕ್ಕೆ ಬಗ್ಗಿಸಿದ ತೆಳು ಸ್ಟೀಲ್ ಪಟ್ಟಿ, ಅದರ ಜೊತೆಗೊಂದು ಗ್ರಾಫೈಟ್ ಪಟ್ಟಿ, ಎರಡನ್ನೂ ಸೇರಿಸಿ ಚಕ್ಕುಲಿ ಸುತ್ತಿದ ಹಾಗೆ ಸುತ್ತುತ್ತೇವೆ. ರಿಫೈನರಿಯಲ್ಲಿ, ಕೆಮಿಕಲ್ ಪ್ಲಾಂಟಿನಲ್ಲಿ ಎರಡು ಪೈಪು ಕೂಡುವ ಕಡೆ ಫ್ಲೇಂಜುಗಳ, ಅಂದರೆ ಪೈಪಿನ ತುದಿಗಿರುವ ಬೋಲ್ಟು ಹಾಕುವ ಅಗಲ ಬಳೆಗಳ, ನಡುವೆ ಕೂರುವ ವಸ್ತು ಇದು. ಹೊರಗಿನ ರಿಂಗಿನ ಅಂಚಿಗೆ ಬಣ್ಣ ಬಳಿದಿರುತ್ತದೆ: 304 ಸ್ಟೀಲಿಗೆ ಹಳದಿ, 316ಕ್ಕೆ ಹಸಿರು, ಒಳಗೆ ಗ್ರಾಫೈಟ್ ಇದ್ದರೆ ಬೂದು ಗೆರೆ. ಕೊಳ್ಳುವವರಿಗೆ ಇದೆಲ್ಲ ಬಾಯಿಪಾಠ. ಅಂಥವರು ಗೂಗಲ್ಲಿಗೆ ಹೋಗಿ 'ಗ್ಯಾಸ್ಕೆಟ್ ಎಂದರೇನು' ಅಂತ ಕೇಳುವುದೂ ಒಂದೇ, ಅಡುಗೆ ಭಟ್ಟರು 'ಒಗ್ಗರಣೆ ಎಂದರೇನು' ಅಂತ ಕೇಳುವುದೂ ಒಂದೇ.

ಆದರೂ ನಾವು 'ಗ್ಯಾಸ್ಕೆಟ್ ಎಂದರೇನು' ಅಂತ ಲೇಖನ ಬರೆಸಿದೆವು. 2,300 ಪದ. ದುಡ್ಡು ಕೊಟ್ಟು.

ಆದದ್ದು ಇಷ್ಟು. ನಮ್ಮ ಮಾಲೀಕರು ನಿಪ್ಪಾಣಿ ಕಡೆಯವರು. ಎಲ್ಲರೂ ಕಾಕಾ ಅಂತಲೇ ಕರೆಯುತ್ತೇವೆ. ಹಳೆ ಗಿರಾಕಿಗಳ ಬಲದ ಮೇಲೇ ಇಷ್ಟು ವರ್ಷ ಶೆಡ್ಡು ನಡೆಸಿದವರು. ಯಾವುದೋ ಮದುವೆಯಲ್ಲಿ ಯಾರೋ ಅವರ ಕಿವಿ ಊದಿದರು, 'ನಿಮ್ಮ ಕಂಪನಿ ಗೂಗಲ್ಲಿನಾಗ ಕಾಣಂಗಿಲ್ಲಲ್ರೀ'. ನಿಮ್ಮ ಮಗಳಿಗೆ ಇನ್ನೂ ಗಂಡು ಸಿಕ್ಕಿಲ್ಲವಾ ಅಂತ ಕೇಳಿದರೂ ಕಾಕಾ ಅಷ್ಟು ಕಂಗಾಲಾಗುತ್ತಿರಲಿಲ್ಲ. ಮುಂದಿನ ವಾರವೇ ಬಾಣೇರದ ಗಾಜಿನ ಬಿಲ್ಡಿಂಗಿನಿಂದ ಒಂದು ಏಜೆನ್ಸಿಯ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ. ದಾವಣಗೆರೆಯವನಂತೆ. ಕನ್ನಡದವನು ಅಂತ ಗೊತ್ತಾಗುತ್ತಲೇ ಕಾಕಾ ಅರ್ಧ ಒಪ್ಪಿಕೊಂಡಾಗಿತ್ತು. ಉಳಿದರ್ಧಕ್ಕೆ ಹಸಿರು ಬಾಣದ ಸ್ಲೈಡುಗಳು ಸಾಕಾದವು.

ಹುಡುಗ ಹೇಳಿದ್ದು ಕೇಳೋಕೆ ಚೆನ್ನಾಗಿಯೇ ಇತ್ತು. ಜನ ಏನು ಹುಡುಕುತ್ತಾರೆ ಅಂತ ತಿಳಿಸುವ ಟೂಲ್ ಇದೆ. ಜಾಸ್ತಿ ಹುಡುಕುವ ಪದ ಹಿಡಿದು ಅದರ ಮೇಲೆ ಲೇಖನ ಬರೆಯಬೇಕು, ಆಗ ಗೂಗಲ್ ನಮ್ಮನ್ನು ಮೇಲೆ ತೋರಿಸುತ್ತದೆ, ಜನ ಬರುತ್ತಾರೆ, ಬಂದವರು ಕೊಳ್ಳುತ್ತಾರೆ. 'ಬಂದವರು' ಮತ್ತು 'ಕೊಳ್ಳುತ್ತಾರೆ' ನಡುವೆ ಒಂದು ಹೊಳೆ ಇದೆ, ಅದಕ್ಕೆ ಸೇತುವೆ ಇಲ್ಲ ಅನ್ನೋದನ್ನು ಅವನು ಹೇಳಲಿಲ್ಲ. ನಾವೂ ಕೇಳಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಾವು.

ಟೂಲು ತೋರಿಸಿದ ಪದ 'ಗ್ಯಾಸ್ಕೆಟ್'. ನಮ್ಮ ಮಾಲಿನ ಪೂರ್ತಿ ಹೆಸರನ್ನು ಅದರ ಸ್ಟ್ಯಾಂಡರ್ಡ್ ನಂಬರು ಎಎಸ್‌ಎಂಇ ಬಿ16.20 ಸಮೇತ ಹಾಕಿ ನೋಡಿದರೆ ಹುಡುಕುವವರ ಸಂಖ್ಯೆ ಸೊನ್ನೆಗೆ ಹತ್ತಿರ. "ಇದರಲ್ಲಿ ವಾಲ್ಯೂಮ್ ಇಲ್ಲ ಸರ್, ಬಿಟ್ಬಿಡೋಣ" ಅಂದ ಹುಡುಗ. ಕಾಕಾ ನನ್ನ ಮುಖ ನೋಡಿದರು. ಆ ಸೊನ್ನೆಯ ಹತ್ತಿರದ ನಾಲ್ಕು ಮಂದಿಯೇ ಅಲ್ವಾ ನಮ್ಮ ಅನ್ನದಾತರು? ಆದರೆ ಸ್ಲೈಡು ಮುಂದಕ್ಕೆ ಹೋಗಿಬಿಟ್ಟಿತ್ತು.

ಲೇಖನ ಬರೆದವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಭೋಸರಿಗೆ ಯಾರೂ ಬಂದಿಲ್ಲ ಅನ್ನೋದು ಮಾತ್ರ ಗೊತ್ತು, ಯಾಕಂದರೆ ಗೇಟಿನ ರಿಜಿಸ್ಟರ್ ಬರೆಸುವವನು ನಾನೇ. 'ಇಂದಿನ ವೇಗದ ಜಗತ್ತಿನಲ್ಲಿ ಗ್ಯಾಸ್ಕೆಟ್‌ಗಳು ಬಹುಮುಖ್ಯ ಪಾತ್ರ ವಹಿಸುತ್ತವೆ' ಅಂತ ಶುರು. ಗ್ಯಾಸ್ಕೆಟ್ ಅಂದರೆ ಕೂತ ಜಾಗ ಬಿಟ್ಟು ಕದಲಬಾರದ ವಸ್ತು, ಅದಕ್ಕೂ ವೇಗಕ್ಕೂ ಏನು ಸಂಬಂಧವೋ. ಆಮೇಲೆ ಗ್ಯಾಸ್ಕೆಟ್ಟಿನ ಇತಿಹಾಸ, ಲಾಭಗಳು, ವಿಧಗಳು, ಮತ್ತೆ ಲಾಭಗಳು. ಮೊದಲ ಹತ್ತು ರಿಸಲ್ಟುಗಳನ್ನು ತೆರೆದಿಟ್ಟುಕೊಂಡು, ಅಲ್ಲಿರುವುದನ್ನೇ ಕಲಸಿ ಹನ್ನೊಂದನೆಯದು ಮಾಡುವುದು ಈ ಧಂದೆಯ ಅಡುಗೆ. ಆ ಹತ್ತೂ ಹಾಗೇ ಆದವು. ಸ್ವಲ್ಪ ದಿನದಲ್ಲಿ ಚಾಕಣದ ಇನ್ನೊಂದು ಕಂಪನಿಯವರು ನಮ್ಮದನ್ನೂ ಕಲಸಿಕೊಂಡರು. ಅವರದರಲ್ಲಿ ನಮ್ಮ ಕಾಗುಣಿತದ ತಪ್ಪು ಹಾಗೇ ಇತ್ತು, ಅದರಿಂದ ಪತ್ತೆಯಾಯಿತು. ನಮ್ಮ ಲೇಖನವನ್ನು ಅಕ್ಷರ ಬಿಡದೆ ಓದಿದ ಏಕೈಕ ಮನುಷ್ಯ ಆ ಕಂಪನಿಯ ಲೇಖಕನೇ ಇರಬೇಕು. ಅವನಿಗೆ ನಮಸ್ಕಾರ.

ಟಾಪ್ ಹತ್ತು ಗ್ಯಾಸ್ಕೆಟ್ ತಯಾರಕರ ಪಟ್ಟಿಯೂ ಆಯಿತು. ಮೊದಲ ಸ್ಥಾನ ಯಾರಿಗೆ ಅಂತ ಹೇಳಬೇಕಾ? ಚಾಕಣದವರ ಪಟ್ಟಿಯಲ್ಲಿ ಚಾಕಣದವರು ಮೊದಲು. ತಮ್ಮ ಮದುವೆಗೆ ತಾವೇ ವಾಲಗ ಊದಿಕೊಂಡು ಎಲ್ಲರೂ ಮೆರವಣಿಗೆ ಹೊರಟಿದ್ದಾರೆ.

ಮೂರು ತಿಂಗಳಿಗೆ ಫಲ ಬಂತು. ಫೋನು ಹೊಡೆದುಕೊಳ್ಳಲು ಶುರುವಾಯಿತು.

ಮೊದಲ ಕರೆ ಸಾಂಗಲಿಯಿಂದ. "ಐದು ಲೀಟರ್ ಕುಕ್ಕರಿಗೆ ಸಿಗುತ್ತಾ?" ಎರಡನೆಯದು ಕಾತ್ರಜಿನಿಂದ, ಮೂರು ಲೀಟರಿನದು. ಮೂರನೆಯವನು ಬೈಕಿನ ಹೆಡ್ ಗ್ಯಾಸ್ಕೆಟ್ ಕೇಳಿದ. ಪಾಲಿಟೆಕ್ನಿಕ್ ಹುಡುಗನೊಬ್ಬ ಪ್ರಾಜೆಕ್ಟ್ ರಿಪೋರ್ಟು ಬರೆದುಕೊಡುತ್ತೀರಾ ಅಂದ, ನಾಳೆಯೇ ಕೊಡಬೇಕಂತೆ. ಇನ್ನೊಬ್ಬ ನಮಗೇ ವೆಬ್‌ಸೈಟ್ ಮಾಡಿಕೊಡುತ್ತೇನೆ ಅಂದ. ಏಜೆನ್ಸಿಯ ತಿಂಗಳ ರಿಪೋರ್ಟಿನಲ್ಲಿ ಇವರೆಲ್ಲರಿಗೂ ಒಂದೇ ಹೆಸರು: ಲೀಡ್, ಅಂದರೆ ನಾಳೆ ಗಿರಾಕಿ ಆಗಬಹುದಾದವರು. ಸಾಂಗಲಿಯ ಅಕ್ಕನೂ ಲೀಡ್, ಬೈಕಿನವನೂ ಲೀಡ್. ಬಾಣ ಹಸಿರು.

ಅದೇ ತಿಂಗಳು ಒಂದು ರಾತ್ರಿ ಎರಡು ಗಂಟೆಗೆ ಕುರ್ಕುಂಭ ಕಡೆಯ ಒಂದು ಕೆಮಿಕಲ್ ಪ್ಲಾಂಟಿನಲ್ಲಿ ಫ್ಲೇಂಜು ಸೋರಿತು. ಅಲ್ಲಿನ ಮೇಂಟೆನೆನ್ಸ್ ಇಂಜಿನಿಯರ್ ಗೂಗಲ್ ತೆರೆಯಲಿಲ್ಲ. ನಮ್ಮ ಫೋರ್‌ಮನ್ ಮಾಮಾನನ್ನು ನಿದ್ದೆಯಿಂದ ಎಬ್ಬಿಸಿದರು. ಮಾಮಾ ಇಂಡಿ ತಾಲೂಕಿನವರು, ಮೂವತ್ತು ವರ್ಷ ಈ ಚಕ್ಕುಲಿ ಸುತ್ತಿದವರು. ಬಿಚ್ಚಿದ ಗ್ಯಾಸ್ಕೆಟ್ಟನ್ನೇ ತಿರುಗಿಸಿ ಹಾಕಲಾ ಅಂತ ಆ ಕಡೆಯ ಪ್ರಶ್ನೆ. "ಏ ಹಾಕಬ್ಯಾಡ್ರಿ ಸಾಹೇಬ್ರ, ಅದು ಒಮ್ಮೆ ಅಮುಕಿತಂದ್ರ ತಿರುಗಿ ಏಳಂಗಿಲ್ಲ. ಬೋಲ್ಟು ಹ್ಯಾಂಗ್ ಬಿಗದ್ರಿ? ಒಂದು ಕಡಿಂದ ಸಾಲಾಗಿ ಬಿಗದಿರಬೇಕು. ಎದುರಾಬದುರಾ ಬಿಗೀಬೇಕ್ರಿ." ಅಷ್ಟೇ. ಬೆಳಗ್ಗೆ ಆರಕ್ಕೆ ಮಾಲು ಹೊರಟಿತು. ಆ ವರ್ಷದ ದೊಡ್ಡ ಆರ್ಡರುಗಳಲ್ಲಿ ಅದೂ ಒಂದು.

ನಮ್ಮ ಸೈಟಿನಲ್ಲೂ 'ಗ್ಯಾಸ್ಕೆಟ್ ಸೋರಿಕೆಗೆ 12 ಕಾರಣಗಳು' ಅಂತ ಲೇಖನ ಇದೆ. ಹನ್ನೆರಡೂ ಓದಿದೆ. ಎದುರಾಬದುರಾ ಬಿಗಿಯುವ ಮಾತೇ ಇಲ್ಲ. ಹನ್ನೆರಡನೆಯದು 'ಉತ್ತಮ ಗುಣಮಟ್ಟದ ಗ್ಯಾಸ್ಕೆಟ್ ಆಯ್ಕೆ ಮಾಡದಿರುವುದು, ಇಂದೇ ಕರೆ ಮಾಡಿ'. ಮಾಮಾ ಇಪ್ಪತ್ತು ಹೆಜ್ಜೆ ದೂರದ ಮಷೀನಿನ ಹತ್ತಿರ ನಿಂತಿರುತ್ತಾರೆ. ಆ ಇಪ್ಪತ್ತು ಹೆಜ್ಜೆ ನಡೆದು ಯಾರಾದರೂ ಅವರನ್ನು ಕೇಳಬೇಕಿತ್ತು. ಕೇಳೋಕೆ ಟೂಲಿನಲ್ಲಿ ಬಟನ್ ಇರಲಿಲ್ಲವೋ ಏನೋ.

ಗೂಗಲ್ಲಿನವರನ್ನೂ ಪೂರ್ತಿ ಬೈಯುವ ಹಾಗಿಲ್ಲ, ಅವರು ಆಗಾಗ ಗದರುತ್ತಲೇ ಬಂದಿದ್ದಾರೆ. ಪೇಜಿನ ಹಿಂದೆ ಬಚ್ಚಿಡುವ ಕೀವರ್ಡ್ ಟ್ಯಾಗನ್ನು ನಾವು ನೋಡುವುದೇ ಇಲ್ಲ ಅಂತ 2009ರಲ್ಲೇ ಹೇಳಿದರು. ನಮ್ಮ ಏಜೆನ್ಸಿ ಈಗಲೂ ಅದನ್ನು ತುಂಬಿಸಿ ಬಿಲ್ಲಿಗೆ ಹಾಕುತ್ತದೆ. 2011ರಲ್ಲಿ ಪಾಂಡಾ ಅನ್ನುವ ಅಪ್‌ಡೇಟ್ ತಂದು, ರಾಶಿ ರಾಶಿ ಜೊಳ್ಳು ಲೇಖನ ಬೆಳೆಯುವವರನ್ನು ಕೆಳಗೆ ತಳ್ಳಿದರು. 2022ರ ಆಗಸ್ಟಿನಲ್ಲಿ, ಮಷೀನಿಗಲ್ಲ, ಮನುಷ್ಯರಿಗೆ ಬರೆಯಿರಿ ಅಂದರು. ಅದೇ ಡಿಸೆಂಬರಿನಲ್ಲಿ ಲೇಖನದ ಯೋಗ್ಯತೆ ಅಳೆಯುವ ಮಾನದಂಡಗಳಿಗೆ 'ಅನುಭವ' ಅನ್ನುವುದನ್ನೂ ಸೇರಿಸಿದರು. ಬರೆದವನು ಆ ಕೆಲಸವನ್ನು ಕೈಯಾರೆ ಮಾಡಿದ್ದಾನಾ ಅಂತ ನೋಡುತ್ತೇವೆ ಅಂದರು. ನಾನು ಖುಷಿಪಟ್ಟೆ, ಇನ್ನು ಮಾಮಾನ ಪಾಳಿ ಅಂತ. ಏಜೆನ್ಸಿ ಏನು ಮಾಡಿತು? ಪ್ರತಿ ಲೇಖನದ ಕೆಳಗೂ ಕಾಕಾ ಅವರ ಪಾಸ್‌ಪೋರ್ಟ್ ಫೋಟೋ ಅಂಟಿಸಿ 'ಗ್ಯಾಸ್ಕೆಟ್ ಕ್ಷೇತ್ರದ ಚಿಂತಕರು' ಅಂತ ಬರೆಯಿತು. ಕಾಕಾ ಅದರ ಪ್ರಿಂಟ್ ತೆಗೆಸಿ ಕನ್ನಡ ಸಂಘದ ಗೆಳೆಯರಿಗೆಲ್ಲ ತೋರಿಸಿದರು. ಅಲ್ಲಿಗೆ ಕಾಂಟ್ರ್ಯಾಕ್ಟು ಇನ್ನೊಂದು ವರ್ಷ ಮುಂದಕ್ಕೆ ಹೋಯಿತು.

ಆಸ್ಟ್ರೇಲಿಯಾದ ಎಹ್ರೆನ್‌ಬರ್ಗ್-ಬಾಸ್ ಸಂಸ್ಥೆಯ ಜಾನ್ ಡಾವ್ಸ್ ಅನ್ನುವ ಪ್ರೊಫೆಸರ್ ಒಂದು ಲೆಕ್ಕ ಹೇಳುತ್ತಾರೆ. ಕಂಪನಿಗಳು ತಮ್ಮ ಬ್ಯಾಂಕನ್ನೋ ಇನ್ನಾವುದೋ ಸೇವೆಯನ್ನೋ ಐದು ವರ್ಷಕ್ಕೊಮ್ಮೆ ಬದಲಿಸುತ್ತವೆ ಅಂದುಕೊಳ್ಳಿ. ವರ್ಷಕ್ಕೆ ನೂರರಲ್ಲಿ 20 ಆಯಿತು, ಮೂರು ತಿಂಗಳಿಗೆ 5. ಉಳಿದ 95 ಮಂದಿ ಈಗ ಏನೂ ಕೊಳ್ಳುವವರಲ್ಲ. ನಾಳೆ ಬೇಕಾದಾಗ ನಿಮ್ಮ ಹೆಸರು ನೆನಪಾದರೆ ಪುಣ್ಯ. ಹುಡುಗನಿಗೆ ಇದನ್ನು ಹೇಳಿದೆ. ಅವನು "ಸೂಪರ್ ಸರ್, ಇದರ ಮೇಲೂ ಒಂದು ಲೇಖನ ಮಾಡೋಣ" ಅಂದ.

ನಮ್ಮ ಒಂದೇ ಒಂದು ಕೆಲಸದ ಕಾಗದ ಸೈಟಿನಲ್ಲಿತ್ತು. ಯಾವ ಸೈಜಿಗೆ ಎಷ್ಟು ಬಿಗಿ, ಯಾವ ಫ್ಲೇಂಜಿಗೆ ಯಾವ ರಿಂಗು ಅನ್ನುವ ಎರಡು ಪುಟದ ಚಾರ್ಟು, ಮಾಮಾ ಬರೆಸಿದ್ದು. ಇಂಜಿನಿಯರುಗಳು ಅದನ್ನು ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು. ಏಜೆನ್ಸಿ ಅದಕ್ಕೆ ಬೀಗ ಜಡಿಯಿತು. ಹೆಸರು, ಹುದ್ದೆ, ಮೊಬೈಲ್, ಕಂಪನಿಯ ವಾರ್ಷಿಕ ವಹಿವಾಟು ಎಲ್ಲ ತುಂಬಿದರೆ ಮಾತ್ರ ಕೊಡುತ್ತಾರಂತೆ. ತುಂಬಿದವರಿಗೆ ಮರುಕ್ಷಣವೇ ಏಜೆನ್ಸಿಯ ಹುಡುಗಿಯಿಂದ ಒಂದು ಕರೆ, ಮರುದಿನ ಇನ್ನೊಂದು, ಮೂರನೆಯ ದಿನ 'ನಮ್ಮ ಮೇಲ್ ನೋಡಿದಿರಾ ಸರ್'. ನಮ್ಮ ಇಪ್ಪತ್ತು ವರ್ಷದ ಗಿರಾಕಿಯೊಬ್ಬರು ಕಾಕಾಗೆ ಫೋನ್ ಮಾಡಿ, "ಚಾರ್ಟ್ ಬ್ಯಾಡ್ರಿ, ಆ ಹುಡುಗಿಗೆ ಫೋನ್ ಮಾಡಬ್ಯಾಡಂತ ಹೇಳ್ರಿ ಸಾಕು" ಅಂದರು. ರಿಪೋರ್ಟಿನಲ್ಲಿ ಅವರು 'ತುಂಬಾ ಬಿಸಿ ಲೀಡ್' ಆಗಿದ್ದರು. ಬಿಸಿಯಾಗಿದ್ದರು, ಅದು ನಿಜ.

ಇಷ್ಟರಲ್ಲಿ ಆಟವೇ ಬದಲಾಯಿತು. 2024ರ ಆಗಸ್ಟಿನಿಂದ ನಮ್ಮ ದೇಶದಲ್ಲೂ ಗೂಗಲ್ಲಿನ ಮೇಲ್ತುದಿಯಲ್ಲಿ ಎಐ ತಾನೇ ಉತ್ತರ ಬರೆದು ತೋರಿಸಲು ಶುರುಮಾಡಿತು. ಗ್ಯಾಸ್ಕೆಟ್ ಎಂದರೇನು ಅಂದರೆ ನಾಲ್ಕು ಸಾಲಿನಲ್ಲಿ ಮುಗಿಸುತ್ತದೆ, ಯಾರೂ ಕೆಳಗೆ ಇಳಿಯಬೇಕಿಲ್ಲ. ನಮ್ಮ ಸೈಟಿನ ಜಾತ್ರೆ ಅಲ್ಲಿಂದ ಕರಗುತ್ತಾ ಬಂದಿದೆ, ಶುರುವಿನಲ್ಲಿ ಹೇಳಿದೆನಲ್ಲ ಆ ಸಂಖ್ಯೆ, ಅದು ಕರಗಿದ ಮೇಲೂ ಉಳಿದದ್ದು. ಈಗ ಲೇಖನ ಬರೆಯುವುದೂ ಎಐ, ಅದನ್ನು ಓದಿ ನಾಲ್ಕು ಸಾಲಿಗೆ ಇಳಿಸುವುದೂ ಎಐ. ಮಧ್ಯೆ ಮನುಷ್ಯರ ಕೆಲಸ ಅಂತ ಉಳಿದಿರುವುದು ಬಿಲ್ಲು ಕಟ್ಟುವುದು ಒಂದೇ. ಹುಡುಗ ಹೊಸ ಸ್ಲೈಡು ತಂದ. ಗೂಗಲ್ಲಿನಲ್ಲಿ ಮೇಲೆ ಕಾಣಿಸುವ ವಿದ್ಯೆ ಎಸ್‌ಇಒ ಹಳೆಯದಾಯಿತಂತೆ, ಇನ್ನು ಮೇಲೆ ಎಐ ಉತ್ತರದೊಳಗೆ ಕಾಣಿಸುವ ವಿದ್ಯೆ ಜಿಇಒ. ಒಂದೇ ಅಕ್ಷರ ಬದಲು. ರೇಟು ಮಾತ್ರ ಒಂದೂವರೆ ಪಟ್ಟು.

ಮೊನ್ನೆ ಗುರುವಾರ, ಭೋಸರಿಗೆ ವಾರದ ರಜೆ, ಮಷೀನು ಬಂದ್. ನಾನೂ ಕಾಕಾನೂ ಲೆಕ್ಕ ನೋಡುತ್ತಾ ಕೂತಿದ್ದೆವು. ಕಾಕಾ ಬಹಳ ಹೊತ್ತು ರಿಪೋರ್ಟು ದಿಟ್ಟಿಸಿ, "ತಮ್ಮಾ, ಇಷ್ಟು ಮಂದಿ ಕುಕ್ಕರಿಂದು ಕೇಳಾಕತ್ಯಾರಂದ್ರ, ತುಳಶೀಬಾಗ ಪ್ಯಾಟಿಯಿಂದ ಎರಡು ಡಜನ್ ರಿಂಗ್ ತಂದಿಟ್ರ ಹ್ಯಾಂಗ?" ಅಂದರು. ತಮಾಷೆಯಾ ನಿಜವಾ ಗೊತ್ತಾಗಲಿಲ್ಲ. ನಿಪ್ಪಾಣಿಯ ವ್ಯಾಪಾರಿ, ಹೇಳೋಕೆ ಬರೋದಿಲ್ಲ.

ಅಷ್ಟರಲ್ಲಿ ಫೋನು. ಕೊಥ್ರೂಡಿನ ಒಬ್ಬ ಅಜ್ಜಿ. ಕುಕ್ಕರಿನ ರಿಂಗು ಸಡಿಲಾಗಿ ಸೀಟಿಯೇ ಬರುತ್ತಿಲ್ಲವಂತೆ. ನಮ್ಮ ಲೇಖನ ಪೂರ್ತಿ ಓದಿದರಂತೆ, ಏನು ಮಾಡಬೇಕು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲವಂತೆ. ಕಾಕಾ ಫೋನ್ ಇಸಿದುಕೊಂಡು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು, "ಆಜೀ, ರಿಂಗು ತೆಗೆದು ತೊಳೆದು ಸ್ವಲ್ಪ ಹೊತ್ತು ಫ್ರೀಜರಿನಲ್ಲಿಡಿ, ಇವತ್ತಿನ ಅಡುಗೆ ಆಗುತ್ತದೆ. ನಾಳೆ ಹೊಸದು ತಗೊಳ್ಳಿ, ಹಳೆಯದನ್ನು ಜಾಸ್ತಿ ದಿನ ನಂಬಬೇಡಿ." ಅಜ್ಜಿ ಹರಸಿ ಫೋನಿಟ್ಟರು. ಅರ್ಧ ಗಂಟೆಗೆ ಮತ್ತೆ ಕರೆ ಮಾಡಿ ಸೀಟಿ ಕೇಳಿಸಿದರು.

ಈ ತಿಂಗಳ ರಿಪೋರ್ಟು ನಿನ್ನೆ ಬಂತು. ಅಜ್ಜಿಯದು ಎರಡು ಲೀಡ್ ಅಂತ ಎಣಿಸಿದ್ದಾರೆ.